ಮಸ್ಕಿಯ ಬಂಡೆ ಮತ್ತು ಮನೆಯ ಮಾತು

ಚಿನ್ನವನ್ನು ಅರಸಿ ಹೊರಟವನಿಗೆ ಅಕ್ಷರ ದೊರೆತ ಕಥೆ ಇದು. 1915ನೆಯ ಇಸವಿಯ ಜನವರಿ ತಿಂಗಳಲ್ಲಿ ಬೀಡನ್ ಎಂಬ ಆಂಗ್ಲ ಗಣಿ ಎಂಜಿನಿಯರನು ರಾಯಚೂರು ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ ಚಿನ್ನದ ಅದಿರಿಗಾಗಿ ಅಲೆಯುತ್ತಿದ್ದನು. ಮಸ್ಕಿಯ ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಅವನಿಗೆ ಚಿನ್ನದ ಗೆರೆಗೆ ಬದಲಾಗಿ ಯಾರೋ ಕೊರೆದ ಅಕ್ಷರಗಳ ಸಾಲು ಕಂಡಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಸಾಲುಗಳನ್ನು ಓದಿ ಪ್ರಕಟಿಸಿದಾಗ ವಿದ್ವಲ್ಲೋಕವೇ ಬೆರಗಾಯಿತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ಚಕ್ರವರ್ತಿಯು ತನ್ನನ್ನು ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಿಂದ ಮಾತ್ರ ಕರೆದುಕೊಂಡಿದ್ದನು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಪಕ್ಕದಲ್ಲಿಯೇ ‘ಅಸೋಕ’ ಎಂಬ ಹೆಸರೂ ಇದ್ದಿತು. ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಮಾಡಿದ್ದ ಊಹೆಗೆ ಕಲ್ಲೇ ಸಾಕ್ಷಿ ನುಡಿಯಿತು.

ಈ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ಬಂಡೆಯ ಸುತ್ತ ನೆಲೆಸಿರುವ ಜನರ ಮಾತಿಗೂ ಅಷ್ಟೇ ದೀರ್ಘವಾದ ಕಥೆಯೊಂದುಂಟು ಎಂಬುದನ್ನು ಬಲ್ಲವರು ಕಡಿಮೆ. ಮಸ್ಕಿಯ ಸಂತೆಯಲ್ಲಿ, ಲಿಂಗಸೂಗೂರಿನ ಬಸ್ ನಿಲ್ದಾಣದಲ್ಲಿ, ಸಿಂಧನೂರಿನ ಭತ್ತದ ಅಂಗಡಿಗಳ ಮುಂದೆ ಕೇಳಿಬರುವ ಕನ್ನಡವನ್ನು ದಕ್ಷಿಣದ ಪಟ್ಟಣಿಗರು ಒರಟೆಂದೋ ಬೆರಕೆಯೆಂದೋ ತಿಳಿಯುವುದುಂಟು. ನಾಟಕ, ಚಲನಚಿತ್ರಗಳಲ್ಲಿ ನಗೆಪಾತ್ರಕ್ಕೆ ಆ ಮಾತನ್ನು ಮೀಸಲಿಡುವುದೂ ಉಂಟು. ಈ ತೀರ್ಪು ನ್ಯಾಯವಾದುದೇ? ಕನ್ನಡ ನುಡಿಯು ನಡೆದುಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಲಿಪಿಯ ಅಜ್ಜಿ

ಮಸ್ಕಿಯ ಶಾಸನದ ಭಾಷೆ ಕನ್ನಡವಲ್ಲ, ಪ್ರಾಕೃತ. ಲಿಪಿ ಬ್ರಾಹ್ಮಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬ್ರಾಹ್ಮಿಯೇ ಶತಮಾನಗಳ ಕಾಲ ದಕ್ಷಿಣದ ಕೈಗಳಲ್ಲಿ ದುಂಡಗಾಗುತ್ತ, ಕದಂಬರ ಮತ್ತು ಚಾಲುಕ್ಯರ ಕಾಲದ ರೂಪಗಳನ್ನು ಹಾದು, ಇಂದು ನಾವು ಓದುವ ಕನ್ನಡ ಲಿಪಿಯಾಯಿತು. ಬಂಡೆಯ ಮೇಲಿನ ಕಡ್ಡಿಯಂಥ ಗೆರೆಗಳು ಈ ಪುಟದ ಅಕ್ಷರಗಳ ಅಜ್ಜಿ ಎಂದರೆ ತಪ್ಪಲ್ಲ. ನುಡಿಯ ವಂಶಾವಳಿಯಾದರೋ ಬೇರೆ. ಕನ್ನಡವು ತಮಿಳು, ತೆಲುಗು, ತುಳುಗಳೊಡನೆ ದ್ರಾವಿಡ ಕುಟುಂಬಕ್ಕೆ ಸೇರಿದುದು. ಅಶೋಕನ ಲಿಪಿಕಾರರು ಬಂಡೆಗೆ ಉಳಿ ಹಚ್ಚುತ್ತಿದ್ದಾಗ ಬೆಟ್ಟದ ಕೆಳಗಿನ ದನಗಾಹಿಗಳು ಏನೆಂದು ಮಾತಾಡಿಕೊಳ್ಳುತ್ತಿದ್ದರೋ ಅದನ್ನು ಯಾರೂ ಬರೆದಿಡಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಬರುವ ‘ಇಸಿಲ’ ಎಂಬ ಊರಿನ ಹೆಸರು ಕನ್ನಡದ ಮಾತೇ ಎಂದು ವಿದ್ವಾಂಸ ಡಿ. ಎಲ್. ನರಸಿಂಹಾಚಾರ್ಯರು ವಾದಿಸಿದ್ದರು.

ಅಶೋಕನ ಶಾಸನಗಳಲ್ಲಿಯೇ ಇನ್ನೊಂದು ಪಾಠ ಅಡಗಿದೆ. ಚಕ್ರವರ್ತಿಯೊಬ್ಬನೇ, ಸಂದೇಶವೂ ಬಹುಮಟ್ಟಿಗೆ ಒಂದೇ; ಆದರೂ ಎಲ್ಲ ಕಡೆಯ ಭಾಷೆ ಒಂದೇ ಅಲ್ಲ. ಪಶ್ಚಿಮದ ಗಿರ್ನಾರಿನ ಬಂಡೆಯಲ್ಲಿ ‘ರಾಜಾ’ ಎಂದಿರುವುದು ಪೂರ್ವದ ಕಳಿಂಗದ ಬಂಡೆಯಲ್ಲಿ ‘ಲಾಜಾ’ ಎಂದಾಗುತ್ತದೆ. ವಾಯವ್ಯದ ಗಡಿಯಲ್ಲಿ ಲಿಪಿಯೇ ಬದಲಾಗಿ ಖರೋಷ್ಠಿಯಾಗುತ್ತದೆ. ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳನ್ನೇ ಬಳಸಿದ್ದಾರೆ. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯನೂ ಪ್ರಾಂತಪ್ರಾಂತದ ನುಡಿಭೇದಕ್ಕೆ ಮರ್ಯಾದೆ ಕೊಟ್ಟಿದ್ದನೆಂಬುದು ಗಮನಿಸತಕ್ಕ ಸಂಗತಿ.

ಪಾಲು ಹಾಲಾದ ಬಗೆ

1954ರಲ್ಲಿ ಪುರಾತತ್ತ್ವ ಇಲಾಖೆಯ ಬಿ. ಕೆ. ಥಾಪರರು ಮಸ್ಕಿಯಲ್ಲಿ ನೆಲವನ್ನು ಅಗೆಸಿದಾಗ ಒಂದರ ಕೆಳಗೊಂದು ಕಾಲದ ಪದರಗಳು ಹೊರಬಿದ್ದವು. ಕಲ್ಲಿನ ಮತ್ತು ತಾಮ್ರದ ಆಯುಧಗಳ ಕಾಲ, ಬೃಹತ್ ಶಿಲಾಗೋರಿಗಳ ಕಾಲ, ಇತಿಹಾಸದ ಆರಂಭಕಾಲ, ಮಧ್ಯಯುಗ ಹೀಗೆ. ಭಾಷೆಯನ್ನು ಅಗೆದರೂ ಇಂಥ ಪದರಗಳೇ ಕಾಣುತ್ತವೆ.

ಈವರೆಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಬರಹಗಳಲ್ಲಿ ಒಂದು ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ. ಅದರ ಕಾಲ ಸುಮಾರು ಕ್ರಿ. ಶ. 450. ಅಂದಿನಿಂದ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂಬ ಮೂರು ಅವಸ್ಥೆಗಳನ್ನು ನಮ್ಮ ನುಡಿ ದಾಟಿಬಂದಿದೆ. ಈ ಪಯಣದಲ್ಲಿ ನಡೆದ ಮಾರ್ಪಾಡುಗಳಲ್ಲಿ ಬಹು ಮುಖ್ಯವಾದುದು ಪಕಾರವು ಹಕಾರವಾದುದು. 941ರಲ್ಲಿ ಪಂಪನು ಕಾವ್ಯ ಬರೆದಾಗ ‘ಪಾಲ್’, ‘ಪೂ’, ‘ಪುಲಿ’, ‘ಪೆಸರ್’, ‘ಪಗಲ್’ ಎಂದೇ ಬರೆದನು. ಹದಿನೈದನೆಯ ಶತಮಾನದ ಕುಮಾರವ್ಯಾಸನ ಹೊತ್ತಿಗೆ ಅವು ಹಾಲು, ಹೂ, ಹುಲಿ, ಹೆಸರು, ಹಗಲು ಎಂದಾಗಿದ್ದವು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಹಾಲು ಇಂದಿಗೂ ಪಕಾರದಿಂದಲೇ ಆರಂಭವಾಗುತ್ತದೆ. ‘ಮೞೆ’, ‘ಕೋೞಿ’ ಎಂಬ ಮಾತುಗಳಲ್ಲಿದ್ದ ೞಕಾರವೂ ಮರೆಯಾಗಿ ಮಳೆ, ಕೋಳಿ ಎಂಬ ರೂಪಗಳು ನಿಂತವು. ಶಕಟರೇಫವೆಂದು ಪಂಡಿತರು ಕರೆಯುವ ಱಕಾರವು ಸಾಮಾನ್ಯ ರಕಾರದಲ್ಲಿ ಬೆರೆತುಹೋಯಿತು.

ಇಂಥದೇ ಘಟನೆ ಭೂಮಿಯ ಮತ್ತೊಂದು ಮೂಲೆಯಲ್ಲಿ ನಡೆದಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಸ್ಪೇನ್ ದೇಶದ ಭಾಷೆ ಲ್ಯಾಟಿನ್ನಿನ ಮಗಳು. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನಾ’ ಎಂದು ಹೆಸರು. ಸ್ಪ್ಯಾನಿಷರ ಬಾಯಲ್ಲಿ ಆ ಫಕಾರವು ಮೊದಲು ಹಕಾರವಾಗಿ ‘ಹರೀನಾ’ ಎಂದಾಯಿತು. ಮುಂದೆ ಹಕಾರವೂ ಉದುರಿ ಇಂದು ‘ಅರೀನಾ’ ಎನ್ನುತ್ತಾರೆ. ಬರೆಯುವಾಗ ಮಾತ್ರ ಹಕಾರದ ಗುರುತನ್ನು ಬಿಟ್ಟಿಲ್ಲ. ಕನ್ನಡದಲ್ಲಿಯೂ ಕಥೆ ಹಕಾರದಲ್ಲಿ ನಿಲ್ಲಲಿಲ್ಲ. ಹಳೆಯ ಮೈಸೂರಿನ ಅನೇಕ ಹಳ್ಳಿಗಳಲ್ಲಿ ಹಾಲು ‘ಆಲು’ ಆಗಿದೆ, ಹಸು ‘ಅಸು’ ಆಗಿದೆ. ಅದನ್ನು ಕೇಳಿ ನಗುವವರು ಒಂದು ಮಾತು ನೆನೆಯಬೇಕು. ಪಾಲು ಹಾಲಾದಾಗಲೂ ಅಂದಿನ ಪಂಡಿತರಲ್ಲಿ ಕೆಲವರಾದರೂ ಮೂಗು ಮುರಿದಿರಬಹುದು! ಅಂದು ‘ತಪ್ಪು’ ಎನಿಸಿದ ಉಚ್ಚಾರಣೆಯೇ ಇಂದಿನ ಪಠ್ಯಪುಸ್ತಕದ ಕನ್ನಡ.

ತಿರುಳು ಎಲ್ಲಿತ್ತು?

ಹಾಗಾದರೆ ಶುದ್ಧವಾದ ಕನ್ನಡ ಯಾವುದು? ಈ ಪ್ರಶ್ನೆಯೂ ಹೊಸದಲ್ಲ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಹೇಳಿ, ಅದರೊಳಗೆ ಕನ್ನಡದ ತಿರುಳು ಇರುವ ನಾಲ್ಕು ಊರುಗಳನ್ನು ಎಣಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣವೆಂದರೆ ಇಂದಿನ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟುಕೊಂಡಿದ್ದಾನೆ.

ಈ ಊರುಗಳ ಪಟ್ಟಿಯಲ್ಲಿ ಮೈಸೂರಿಲ್ಲ, ಬೆಂಗಳೂರಿಲ್ಲ. ಕೊಪ್ಪಳವಾದರೋ ಮಸ್ಕಿಯ ನೆರೆಯ ಸೀಮೆಯೇ. ಸಾವಿರದ ನೂರು ವರ್ಷಗಳ ಹಿಂದೆ ದಕ್ಷಿಣದ ಕವಿಯೊಬ್ಬನು ಒಳ್ಳೆಯ ಕನ್ನಡವನ್ನು ಕಲಿಯಬೇಕೆಂದರೆ ಉತ್ತರದ ಕಡೆಗೆ ಮುಖ ಮಾಡಬೇಕಾಗಿದ್ದಿತು! ರಾಜಧಾನಿ ಎಲ್ಲಿದ್ದಿತೋ, ಕವಿಗಳಿಗೂ ಪಂಡಿತರಿಗೂ ಆಶ್ರಯ ಎಲ್ಲಿ ದೊರೆಯುತ್ತಿದ್ದಿತೋ ಅಲ್ಲಿಯ ನುಡಿ ತಿರುಳೆನಿಸಿಕೊಂಡಿತು. ಮುಂದೆ ಆಸ್ಥಾನಗಳು ದಕ್ಷಿಣಕ್ಕೆ ಸರಿದವು. ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ಮುದ್ರಣಾಲಯ, ವಿಶ್ವವಿದ್ಯಾನಿಲಯ, ಆಕಾಶವಾಣಿ, ಚಲನಚಿತ್ರಗಳ ಬಲ ಮೈಸೂರು, ಬೆಂಗಳೂರುಗಳ ನುಡಿಗೆ ಒದಗಿತು. ಸ್ಪೇನಿನಲ್ಲಿಯೂ ಹೀಗೆಯೇ ಆಯಿತು. ಕಾಸ್ಟಿಲ್ ಎಂಬ ಉತ್ತರದ ಗುಡ್ಡಗಾಡಿನ ಸಣ್ಣ ಸೀಮೆಯ ಮಾತು, ಅದರ ಅರಸರು ಗೆಲ್ಲುತ್ತ ಬಂದಂತೆ, ದೇಶದ ಭಾಷೆಯಾಯಿತು. ಹದಿಮೂರನೆಯ ಶತಮಾನದಲ್ಲಿ ಹತ್ತನೆಯ ಅಲ್ಫಾನ್ಸೋ ದೊರೆ ಅದರಲ್ಲಿ ಕಾನೂನನ್ನೂ ಚರಿತ್ರೆಯನ್ನೂ ಬರೆಸಿದನು. ಕೊಲಂಬಸನು ಹಡಗು ಏರಿದ 1492ರಲ್ಲಿಯೇ ನೆಬ್ರಿಹಾ ಎಂಬ ಪಂಡಿತನು ಅದಕ್ಕೆ ವ್ಯಾಕರಣವನ್ನು ರಚಿಸಿದನು.

‘ಕವಿರಾಜಮಾರ್ಗ’ವು ಇನ್ನೊಂದು ಮಾತನ್ನೂ ಹೇಳಿದೆ. ದೇಸಿಯು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂಬುದು ಅದರ ಭಾವ. ‘ಕನ್ನಡಂಗಳ್’ ಎಂಬ ಬಹುವಚನವನ್ನೇ ಅಲ್ಲಿ ಬಳಸಿದೆ. ಕನ್ನಡವು ಹಲವು ಕನ್ನಡಗಳ ಕೂಟವೆಂದು ನಮ್ಮ ಮೊದಲ ಲಕ್ಷಣಗ್ರಂಥವೇ ಒಪ್ಪಿಕೊಂಡಿರುವಾಗ ಒಂದೇ ಸೀಮೆಯ ಮಾತನ್ನು ಹಿಡಿದು ಉಳಿದುದೆಲ್ಲ ಕೆಟ್ಟದ್ದೆನ್ನುವುದು ಹೇಗೆ?

ಅತ್ತೆಯ ಮಾತು, ಸೊಸೆಯ ಮಾತು

ಮೈಸೂರಿನ ಕಡೆಯ ಹುಡುಗಿಯೊಬ್ಬಳು ಮಸ್ಕಿಯ ಮನೆಗೆ ಸೊಸೆಯಾಗಿ ಬಂದಳೆನ್ನಿ. ಬಾಗಿಲಲ್ಲಿ ನಿಂತವಳಿಗೆ ಅತ್ತೆ ಅಕ್ಕರೆಯಿಂದ, “ಪಡಸಾಲ್ಯಾಗ ಕುಂದ್ರವಾ, ಚಾ ಮಾಡಾಕತ್ತೀನಿ” ಎನ್ನುತ್ತಾಳೆ. ಸೊಸೆಗೆ ಅರ್ಧ ತಿಳಿಯುತ್ತದೆ, ಅರ್ಧ ಊಹೆ. “ಕೂತ್ಕೊಳ್ಳಿ ಅತ್ತೆ, ನಾನೇ ಮಾಡ್ತೀನಿ” ಎಂದು ಅವಳು ಅಂದರೆ ಅತ್ತೆಗೆ ಅದು ಪುಸ್ತಕದ ಮಾತಿನಂತೆ ಕೇಳಿಸುತ್ತದೆ. ಒಂದೆರಡು ತಿಂಗಳು ಕಳೆಯುವುದರೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ರೂಢಿಯಾಗುತ್ತದೆನ್ನಿ. ಆದರೂ ನೆಂಟರಿಷ್ಟರ ನಡುವೆ ಎರಡು ಕಡೆಯವರೂ ನಗುವುದು ತಪ್ಪುವುದಿಲ್ಲ.

ಈ ಪುಟ್ಟ ಸಂಭಾಷಣೆಯನ್ನು ಬಿಡಿಸಿ ನೋಡೋಣ. ‘ಕುಂದ್ರು’ ಮತ್ತು ‘ಕೂತ್ಕೊ’ ಎರಡೂ ‘ಕುಳ್’ ಎಂಬ ಒಂದೇ ಹಳೆಯ ಧಾತುವಿನ ಮಕ್ಕಳು. ಹಳಗನ್ನಡದ ‘ಕುಳ್ಳಿರ್’ ಎಂಬ ರೂಪಕ್ಕೆ ಉತ್ತರದ ಕುಂದ್ರು, ಕುಂದಿರುಗಳು ಹತ್ತಿರದ ನೆಂಟರು. ದಕ್ಷಿಣದ ಕೂತ್ಕೊ ಎಂಬುದು ‘ಕುಳಿತುಕೊಳ್’ ಎಂಬುದರ ಸಂಕ್ಷೇಪ. ಇನ್ನು ‘ಪಡಸಾಲ್ಯಾಗ’, ‘ಮನ್ಯಾಗ’, ‘ಹೊಲದಾಗ’ ಎಂಬುವುಗಳಲ್ಲಿರುವ ‘ಆಗ’ ಎಲ್ಲಿಂದ ಬಂದಿತು? ಹಳಗನ್ನಡದಲ್ಲಿ ಸಪ್ತಮೀ ವಿಭಕ್ತಿಗೆ ‘ಒಳ್’ ಎಂಬ ಪ್ರತ್ಯಯವಿದ್ದಿತು. ಮನೆಯೊಳ್, ಮನೆಯೊಳಗೆ, ಮನ್ಯಾಗ ಎಂದು ಅದು ಇಳಿದುಬಂದಿದೆ. ದಕ್ಷಿಣದ ಆಡುಮಾತಿನಲ್ಲಿ ‘ಮನೇಲಿ’ ಎನ್ನುವಲ್ಲಿ ‘ಅಲ್ಲಿ’ ಎಂಬ ರೂಪ ಮುಂದೆ ಬಂದಿದೆ. ಪಂಡಿತರು ಕಾವ್ಯದಲ್ಲಿ ಮೆಚ್ಚುವ ‘ಒಳ್’ ಪ್ರತ್ಯಯದ ಉಸಿರು ಮಸ್ಕಿಯ ಮುದುಕಿಯ ಬಾಯಲ್ಲಿ ಇನ್ನೂ ಆಡುತ್ತಿದೆಯೆಂದಂತಾಯಿತು. ‘ಮಾಡಾಕತ್ತೀನಿ’ ಎಂಬುದು ‘ಮಾಡಲಿಕ್ಕೆ ಹತ್ತಿದ್ದೇನೆ’ ಎಂಬ ಪೂರ್ಣರೂಪದ ಮಡಿಕೆ. ಕೆಲಸಕ್ಕೆ ತೊಡಗಿದ್ದೇನೆಂಬ ಅರ್ಥ ಅದರಲ್ಲಿ ಸ್ಪಷ್ಟವಾಗಿದೆ. ದಕ್ಷಿಣದ ‘ಬೇಸಾಯ’ಕ್ಕೆ ಇಲ್ಲಿಯ ‘ಒಕ್ಕಲುತನ’ ಯಾವ ವಿಧದಲ್ಲಿ ಕಡಿಮೆ?

ಹಳೆಯದು ರಾಜಧಾನಿಯಿಂದ ದೂರದ ಸೀಮೆಗಳಲ್ಲಿ ಉಳಿದುಬರುವುದು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಮಧ್ಯಯುಗದ ಸ್ಪ್ಯಾನಿಷಿನಲ್ಲಿದ್ದ ‘ವೋಸ್’ ಎಂಬ ಸರ್ವನಾಮವು ಸ್ಪೇನಿನ ಮಾತಿನಿಂದ ಎಂದೋ ಮರೆಯಾಯಿತು. ಕಡಲಾಚೆಯ ಅರ್ಜೆಂಟೀನಾದಲ್ಲಿ ಮಿತ್ರರು ಇಂದಿಗೂ ಒಬ್ಬರನ್ನೊಬ್ಬರು ವೋಸ್ ಎಂದೇ ಕರೆಯುತ್ತಾರೆ.

ಬೆರಕೆಯ ಆಪಾದನೆ

ರಾಯಚೂರು ಸೀಮೆಯ ಕನ್ನಡದ ಮೇಲಿರುವ ದೊಡ್ಡ ಆಪಾದನೆಯೆಂದರೆ ಅದರಲ್ಲಿ ಉರ್ದು ಬಹಳವೆಂಬುದು. ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರದ ಸುಲ್ತಾನರೂ ಹೋರಾಡಿದರು. ಕಡೆಗೆ ನಾಡು ಹೈದರಾಬಾದಿನ ನಿಜಾಮರ ಪಾಲಾಯಿತು. ಅಲ್ಲಿ ಮೊದಲು ಪಾರಸಿ, 1880ರ ದಶಕದಿಂದ ಉರ್ದು ಆಡಳಿತದ ಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ಹೆಚ್ಚಿನ ವಿದ್ಯೆ ಬೇಕೆಂಬ ಹುಡುಗನು ಮನೆಯಲ್ಲಿ ಕನ್ನಡವನ್ನು ಆಡುತ್ತ, ಲೆಕ್ಕವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿ ಕಲಿಯಬೇಕಾಗಿದ್ದಿತು. ಜಮೀನಿನ ಕಾಗದವನ್ನು ಓದಿಸಲು ರೈತನು ಉರ್ದು ಬಲ್ಲವರ ಬಾಗಿಲಿಗೆ ಹೋಗಬೇಕಾಗಿದ್ದಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿ, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಕನ್ನಡಿಗರ ಏಕೀಕೃತ ರಾಜ್ಯಕ್ಕೆ ಬಂದಿತು. ಅಷ್ಟು ಕಾಲ ಅರಸರ ಮನ್ನಣೆಯಾಗಲಿ ಕಚೇರಿಯ ಆಸರೆಯಾಗಲಿ ಇಲ್ಲದೆ ಈ ಸೀಮೆಯಲ್ಲಿ ಕನ್ನಡವನ್ನು ಕಾಪಾಡಿದವರು ಯಾರು? ವಚನಗಳನ್ನು ಹಾಡಿದ ಮಠದ ಜಂಗಮರು, ಹರಿದಾಸರ ಕೀರ್ತನೆಗಳನ್ನು ಭಜಿಸಿದ ಗೃಹಸ್ಥರು, ಬೀಸುವ ಕಲ್ಲಿನ ಮುಂದೆ ಹಾಡು ಕಟ್ಟಿದ ಹೆಂಗಸರು. ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನು ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವಳು. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಇದೇ ಜಿಲ್ಲೆಯ ಮಾನವಿಯವರು.

ಇರಲಿ, ಬೆರಕೆಯ ಮಾತಿಗೆ ಬರೋಣ. ರಾಯಚೂರಿನವನ ಉರ್ದು ಶಬ್ದಗಳನ್ನು ಕಂಡು ನಗುವ ಬೆಂಗಳೂರಿಗನು ತನ್ನ ಜಿಲ್ಲೆ, ತಾಲ್ಲೂಕು, ಅರ್ಜಿ, ವಕೀಲ, ಜಮೀನು, ಕಾಗದ, ಸರಕಾರ, ಕಡೆಗೆ ರೈತ ಎಂಬ ಶಬ್ದವೂ ಅರಬ್ಬಿ, ಪಾರಸಿಗಳಿಂದ ಬಂದ ಅತಿಥಿಗಳೆಂಬುದನ್ನು ಮರೆತಿರುತ್ತಾನೆ. ಸ್ಪೇನ್ ದೇಶದ ಭಾಗಗಳು 711ರಿಂದ 1492ರವರೆಗೆ ಅರಬ್ಬಿ ಮಾತಾಡುವ ಅರಸರ ಕೈಯಲ್ಲಿದ್ದವು. ಆ ಕಾಲದ ಗುರುತಾಗಿ ಸ್ಪ್ಯಾನಿಷಿನಲ್ಲಿ ಎಣ್ಣೆ, ಹತ್ತಿ, ದಿಂಬುಗಳ ಹೆಸರುಗಳೇ ಅರಬ್ಬಿಯವು. ಸಕ್ಕರೆಗೆ ಅವರು ‘ಅಸೂಕರ್’ ಎನ್ನುತ್ತಾರೆ. ಸಂಸ್ಕೃತದ ‘ಶರ್ಕರಾ’ ಪಾರಸಿಗೆ ಹೋಗಿ, ಅಲ್ಲಿಂದ ಅರಬ್ಬಿಗೆ ಸಾಗಿ, ಕಡಲು ದಾಟಿ ಸ್ಪೇನಿನವರ ಅಸೂಕರ್ ಆಯಿತು. ಅದೇ ಶರ್ಕರೆ ನಮ್ಮಲ್ಲಿ ಸಕ್ಕರೆಯಾಯಿತು. ಇಂಥ ಶಬ್ದಗಳಿಂದ ಸ್ಪ್ಯಾನಿಷ್ ಕೆಟ್ಟಿತೆಂದು ಅಲ್ಲಿಯವರು ಕೊರಗುವುದಿಲ್ಲ. ನಮ್ಮಲ್ಲಿಯೂ ಉರ್ದುವಿನ ಒಡನಾಟ ಬರಿಯ ನಷ್ಟವಾಗಲಿಲ್ಲ. ರಾಯಚೂರಿನ ಕವಿ ಶಾಂತರಸರು ಉರ್ದುವಿನ ಗಜಲನ್ನು ಕನ್ನಡದ ಮನೆಗೆ ಕರೆತಂದವರಲ್ಲಿ ಪ್ರಮುಖರು.

ಬೆರೆಯುವ ಕೆಲಸ ಇಂದಿಗೂ ನಿಂತಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳೂ ಅದೇ ತಾಲ್ಲೂಕಿನಲ್ಲಿ ನೆಲೆ ಕಂಡಿವೆ. ತೆಲುಗು, ಬಂಗಾಳಿ, ಉರ್ದು, ಲಂಬಾಣಿ ಮಾತುಗಳು ಸಂತೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಡೆಯುತ್ತವೆ. ಬೆಲೆ ಕುದುರುವುದು ಮಾತ್ರ ಬಹುಮಟ್ಟಿಗೆ ಕನ್ನಡದಲ್ಲಿ, ಅದೂ ಈ ಸೀಮೆಯ ಕನ್ನಡದಲ್ಲಿ.

ಶಾಲೆಯ ಬಾಗಿಲಲ್ಲಿ

ಇದೆಲ್ಲ ಪಂಡಿತರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಮಸ್ಕಿಯ ಹಳ್ಳಿಯ ಮಗುವೊಂದು ಮೊದಲ ದಿನ ‘ಸಾಲಿ’ಗೆ ಹೋಗುತ್ತದೆ. “ಮನ್ಯಾಗ ಅವ್ವ ಅದಾಳ” ಎನ್ನುತ್ತದೆ. “ಹಾಗನ್ನಬಾರದು, ತಪ್ಪು” ಎಂದು ಯಾರೋ ಗದರುತ್ತಾರೆ. ತನ್ನ ತಾಯಿ ಕಲಿಸಿದ ಮಾತೇ ತಪ್ಪೆಂದು ಅಂದಿನಿಂದ ಮಗು ತಿಳಿಯುತ್ತದೆ. ಉತ್ತರ ಗೊತ್ತಿದ್ದರೂ ಬಾಯಿ ತೆರೆಯಲು ಅಂಜುತ್ತದೆ. ಅದೇ ಮಗು ಬೆಳೆದು ಬೆಂಗಳೂರಿನ ಕಾಲೇಜಿಗೆ ಹೋದಾಗ ಗೆಳೆಯರ ನಗೆಗೆ ಹೆದರಿ ನಾಲಗೆಯನ್ನು ತಿದ್ದಿಕೊಳ್ಳುತ್ತದೆ. ರಜೆಗೆ ಊರಿಗೆ ಬಂದರೆ, “ನಮ್ಮ ಹುಡುಗ ಬ್ಯಾರೆ ಆಗ್ಯಾನ” ಎಂದು ಮನೆಯವರು ಸುಮ್ಮನಾಗುತ್ತಾರೆ. ಇತ್ತ ತಾಯಿಯ ಮಾತು ಕೈಬಿಟ್ಟಿತು, ಅತ್ತ ಪಟ್ಟಣದ ಮಾತು ಪೂರ್ತಿ ತನ್ನದಾಗಲಿಲ್ಲ. ಈ ನಷ್ಟವನ್ನು ತುಂಬಿಕೊಡುವವರು ಯಾರು?

ಎಲ್ಲರಿಗೂ ಸಾಮಾನ್ಯವಾದ ಬರೆಯುವ ಕನ್ನಡವೊಂದು ಬೇಕು ಎಂಬುದರಲ್ಲಿ ಸಂದೇಹವಿಲ್ಲ. ಬೀದರಿನವನು ಬರೆದುದನ್ನು ಚಾಮರಾಜನಗರದವನು ಓದಬೇಕಾದರೆ ಅದಿಲ್ಲದೆ ಆಗದು. ಮಗು ಅದನ್ನು ಚೆನ್ನಾಗಿ ಕಲಿಯಲಿ. ಆದರೆ ಮನೆಯ ಮಾತಿನ ಜೊತೆಗೆ ಇನ್ನೊಂದನ್ನು ಕಲಿಯುತ್ತಿದ್ದೇನೆಂಬ ಭಾವ ಅದಕ್ಕಿರಬೇಕು. “ನೀನು ಮನ್ಯಾಗ ಎನ್ನುವುದನ್ನು ಪುಸ್ತಕದಲ್ಲಿ ಮನೆಯಲ್ಲಿ ಎಂದು ಬರೆಯುತ್ತಾರೆ” ಎಂದು ಗುರುಗಳು ಹೇಳಿದರೆ ಮಗುವಿನ ನಾಲಗೆಗೂ ಗೌರವ, ವ್ಯಾಕರಣಕ್ಕೂ ಗೌರವ.

ಸ್ಪ್ಯಾನಿಷರು ಈ ದಾರಿಯಲ್ಲಿ ನಡೆದು ತೋರಿಸಿದ್ದಾರೆ. 1713ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸ್ಥಾಪಿತವಾದ ರಾಜ ಅಕಾಡೆಮಿಯು ಬಹುಕಾಲ ಸ್ಪೇನಿನ ಮಾತನ್ನೇ ಅಳತೆಗೋಲೆಂದು ಹಿಡಿದಿದ್ದಿತು. 1951ರಿಂದ ಅಮೆರಿಕ ಖಂಡದ ದೇಶಗಳ ಅಕಾಡೆಮಿಗಳೂ ಅದರೊಡನೆ ಒಂದು ಸಂಘವಾಗಿ ಕೂಡಿವೆ. 2009ರಲ್ಲಿ ಅವೆಲ್ಲ ಸೇರಿ ಹೊರತಂದ ಹೊಸ ವ್ಯಾಕರಣವು ಅರ್ಜೆಂಟೀನಾದ ರೂಪವನ್ನೂ ಮೆಕ್ಸಿಕೋದ ರೂಪವನ್ನೂ ಸ್ಪೇನಿನ ರೂಪದ ಜೊತೆಯಲ್ಲಿಯೇ ಕೂರಿಸಿದೆ. ನಮ್ಮಲ್ಲಿಯೂ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗಾ, ಕುಮಟಾ ಮೊದಲಾದ ಕಡೆಗಳ ಆಡುಮಾತನ್ನು ಕುರಿತ ಅಧ್ಯಯನಗಳನ್ನು ಪ್ರಕಟಿಸಿತು. ವಿದ್ವಾಂಸರ ಕಪಾಟಿನಲ್ಲಿರುವ ಆ ತಿಳಿವಳಿಕೆ ಶಾಲೆಯ ಉಪಾಧ್ಯಾಯರ ಮೇಜಿಗೂ ಬರಬೇಕಾಗಿದೆ.

ಮಸ್ಕಿಯ ಶಾಸನ ಬೆಳಕಿಗೆ ಬಂದ 1915ನೆಯ ಇಸವಿಯಲ್ಲಿಯೇ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತೆಂಬುದು ಒಂದು ಸೊಗಸಾದ ಕಾಕತಾಳೀಯ. ಪರಿಷತ್ತಿನ ಸಮ್ಮೇಳನ 1934ರಲ್ಲಿ ರಾಯಚೂರಿನಲ್ಲಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಕರಾವಳಿಯ ಪಂಜೆ ಮಂಗೇಶರಾಯರು. ನಿಜಾಮರ ಸೀಮೆಯ ಊರಿನಲ್ಲಿ ಕಡಲ ತೀರದ ಕನ್ನಡಿಗರೊಬ್ಬರ ಮಾತನ್ನು ಕೇಳಲು ಜನ ಕೂಡಿದ್ದರು. ಅರಸರ ಗಡಿಗಳು ಕನ್ನಡಿಗರನ್ನು ಹಂಚಿಕೊಂಡಿದ್ದ ಆ ದಿನಗಳಲ್ಲಿಯೂ ಹಲವು ಕನ್ನಡಗಳು ಒಂದೇ ಚಪ್ಪರದ ಕೆಳಗೆ ಕೂರಬಲ್ಲವೆಂಬುದಕ್ಕೆ ಅದು ನಿದರ್ಶನ.

ಮಸ್ಕಿ ಈಗ ತಾಲ್ಲೂಕು ಕೇಂದ್ರ. ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ಗುಡಿಗೆ ಭಕ್ತರು ಮೆಟ್ಟಿಲು ಹತ್ತುತ್ತಾರೆ. ಅಶೋಕನ ಬಂಡೆಯನ್ನು ನೋಡಲು ವಿದ್ಯಾರ್ಥಿಗಳು ಬರುತ್ತಾರೆ. ಬಂಡೆಯ ಮೇಲೆ ಬರೆದಿರುವುದೇನೆಂದು ಅವರಲ್ಲಿ ಯಾರಾದರೂ ಕೇಳಿದರೆ ಉತ್ತರ ಹೀಗೆ: ಧರ್ಮದ ಫಲವು ದೊಡ್ಡವರಿಗೆ ಮಾತ್ರ ದೊರೆಯುವುದೆಂದು ಭಾವಿಸಬೇಡಿರಿ, ಪ್ರಯತ್ನಪಟ್ಟರೆ ಸಣ್ಣವರೂ ಅದನ್ನು ಪಡೆಯಬಲ್ಲರು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿರಿ ಎಂಬುದು ಆ ಸಾಲುಗಳ ಸಾರ. ಬಂಡೆಯನ್ನು ನೋಡಿ ಬೆಟ್ಟವಿಳಿದು ಬರುವ ಹುಡುಗನನ್ನು ಅವನ ಅವ್ವ “ಎಲ್ಲಿಗೆ ಹೋಗಿದ್ಯೋ ಯಪ್ಪಾ?” ಎಂದು ಕೇಳುತ್ತಾಳೆ. ತಾನು ಕಂಡುದನ್ನೆಲ್ಲ ಅವನು ಅವಳ ಮಾತಿನಲ್ಲಿಯೇ ನಾಚದೆ ಹೇಳುವಂತಾಗಲಿ.